ಕೆಟ್ಟ ಮಣ್ಣನ್ನು ಎಲ್ಲಿಗೆ ಒಯ್ಯುವುದು? ಗೋಗಿಯ ಯುರೇನಿಯಂ ಮತ್ತು ನೂರು ವರ್ಷದ ಲೆಕ್ಕ

ಶಹಾಪುರ ತಾಲ್ಲೂಕಿನ ಗೋಗಿ ಅಂದರೆ ನಮ್ಮ ಭಾಗದ ಜನಕ್ಕೆ ಮೊದಲು ನೆನಪಾಗುವುದು ಚಂದಾ ಹುಸೇನಿ ದರ್ಗಾ. ಬಿಜಾಪುರದ ಆದಿಲ್ ಶಾಹಿ ಮನೆತನದ ಮೊದಲ ದೊರೆ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ, ಇವರೆಲ್ಲರ ಗೋರಿ ಅಲ್ಲೇ ಇವೆ. 1990ರ ದಶಕದಲ್ಲಿ ಈ ಊರಿಗೆ ಇನ್ನೊಂದು ಹೆಸರು ಬಂತು. ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯದವರು ಭೂಮಿಗೆ ಕೊಳವೆ ಇಳಿಸಿ ನೋಡಿದಾಗ, ಸುಣ್ಣದಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಕೂಡುವ ಬಿರುಕಿನಲ್ಲಿ ಯುರೇನಿಯಂ ಸಿಕ್ಕಿತು. ಆಮೇಲೆ ಭಾರತೀಯ ಯುರೇನಿಯಂ ನಿಗಮ ಬಂತು, ಪರೀಕ್ಷೆಗೆಂದು ಗಣಿ ಇಳಿಸಿತು. ಊರವರು ನೀರು, ಹೊಲ, ದನಕರುಗಳ ಚಿಂತೆಯಿಂದ ವಿರೋಧಿಸಿದರು.

ಇದು ಯಾದಗಿರಿ ಜಿಲ್ಲೆಯ ಸುದ್ದಿ, ಕಲ್ಲೂರಿನ ನಮಗೇನು ಎಂದು ಕೇಳಬಹುದು. ದೇವದುರ್ಗದಿಂದ ಹೂವಿನಹೆಡಗಿ ಸೇತುವೆ ದಾಟಿದರೆ ಶಹಾಪುರದ ದಾರಿ. ಆ ಸೀಮೆಯ ಮಳೆ ನೀರು ಭೀಮೆಗೆ ಹೋಗಲಿ, ಕೃಷ್ಣೆಗೆ ಹೋಗಲಿ, ಎರಡೂ ಕೂಡುವುದು ರಾಯಚೂರಿನ ಉತ್ತರಕ್ಕೆ. ರಾಯಚೂರು ನಗರ ಕುಡಿಯುವ ನೀರಿನಲ್ಲಿ ಒಂದು ಪಾಲು ಕೃಷ್ಣೆಯದೇ.

ಯುರೇನಿಯಂ ಮಾತು ಬಂದಾಗಲೆಲ್ಲ ಹಳ್ಳಿ ಕಟ್ಟೆಯ ಮೇಲೆ ಎರಡು ಮಾತು ಕೇಳಿಸುತ್ತವೆ. ಒಂದು, "ಊರೇ ಹಾಳಾಗುತ್ತೆ." ಇನ್ನೊಂದು, "ಏನೂ ಆಗಲ್ಲ, ಆದರೂ ಈಗ ಸ್ವಚ್ಛ ಮಾಡೋ ತಂತ್ರ ಬಂದಾವ." ನಾವು ಈ ಎರಡನೆಯ ಮಾತನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ ನೋಡೋಣ. ವಿಕಿರಣ ಸೂಸುವ ಲೋಹ ಬೆರೆತ ಮಣ್ಣನ್ನು ಜಗತ್ತು ಇದುವರೆಗೆ ಹೇಗೆ ಸ್ವಚ್ಛ ಮಾಡಿದೆ, ಎಷ್ಟು ಮಾಡಿದೆ?

ನೆಲದೊಳಗೆ ಇದ್ದಾಗ ಒಂದು, ಹೊರಗೆ ಬಂದಾಗ ಒಂದು

ಮೊದಲು ಒಂದು ಸಂಗತಿ ತಿಳಿದಿರಲಿ. ಯುರೇನಿಯಂ ಎಲ್ಲ ಕಲ್ಲು ಮಣ್ಣಿನಲ್ಲೂ ಚೂರು ಚೂರು ಇರುತ್ತದೆ. ನಮ್ಮ ಎರೆ ಹೊಲದಲ್ಲೂ ಇದೆ, ಮಸಾರಿಯಲ್ಲೂ ಇದೆ. ಆಳದ ಕಲ್ಲಿನಲ್ಲಿ ಕೂತಿರುವ ತನಕ ಅದರ ತಂಟೆ ಕಡಿಮೆ. ಅದಿರನ್ನು ಮೇಲೆತ್ತಿ, ಗಿರಣಿಯಲ್ಲಿ ಹಿಟ್ಟು ಮಾಡಿ, ರಾಸಾಯನಿಕ ಹಾಕಿ ಯುರೇನಿಯಂ ತೆಗೆದ ಮೇಲೆ ಕಥೆ ಬೇರೆ ಆಗುತ್ತದೆ.

ಸಾವಿರ ಕಿಲೋ ಅದಿರಿನಲ್ಲಿ ಯುರೇನಿಯಂ ಸಿಗುವುದು ಬಹಳ ಕಡೆ ಒಂದೆರಡು ಕಿಲೋ ಅಷ್ಟೇ. ಜಾರ್ಖಂಡದ ಜಾದೂಗೋಡಾದಲ್ಲಿ ಅದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಕೆಸರು. ಹಟ್ಟಿ ಚಿನ್ನದ ಗಣಿಯ ಪಕ್ಕ ದಿಬ್ಬ ನೋಡಿದವರಿಗೆ ಇದು ಗೊತ್ತು. ಆದರೆ ಯುರೇನಿಯಂ ಗಿರಣಿಯ ಕೆಸರಿಗೆ ಇನ್ನೊಂದು ಗುಣ ಇದೆ. ಯುರೇನಿಯಂ ತೆಗೆದರೂ ಅದಿರಿನ ವಿಕಿರಣದಲ್ಲಿ ಸುಮಾರು ಶೇ 85ರಷ್ಟು ಈ ಕೆಸರಿನಲ್ಲೇ ಉಳಿಯುತ್ತದೆ. ಯಾಕೆಂದರೆ ಯುರೇನಿಯಂ ಜತೆಗೆ ಹುಟ್ಟಿದ ಥೋರಿಯಂ, ರೇಡಿಯಂ ಅದರಲ್ಲೇ ಇರುತ್ತವೆ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅದರ ಜತೆಗಿರುವ ಥೋರಿಯಂಗೆ 75 ಸಾವಿರ ವರ್ಷ. ಯುರೇನಿಯಂಗೆ 450 ಕೋಟಿ ವರ್ಷ.

ಕಸವನ್ನು ಸುಡಬಹುದು, ಸೆಗಣಿಯನ್ನು ಕೊಳೆಸಬಹುದು, ಎಣ್ಣೆ ಚೆಲ್ಲಿದರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಲೋಹವನ್ನು ಯಾರೂ ತಿಂದು ಮುಗಿಸಲಾರರು. ಸುಟ್ಟರೆ ಬೂದಿಯಲ್ಲಿ ಇರುತ್ತದೆ, ತೊಳೆದರೆ ನೀರಿನಲ್ಲಿ ಇರುತ್ತದೆ. ಹಾಗಾಗಿ ಇಂಥ ಮಣ್ಣನ್ನು "ಸ್ವಚ್ಛ ಮಾಡುವುದು" ಅಂದರೆ ಮೂರೇ ಕೆಲಸ: ಎತ್ತಿ ಬೇರೆ ಕಡೆ ಒಯ್ಯುವುದು, ಇದ್ದಲ್ಲೇ ಮುಚ್ಚುವುದು, ಅಥವಾ ಮಣ್ಣಿನಲ್ಲೇ ಕಟ್ಟಿಹಾಕಿ ಬೆಳೆಗೂ ನೀರಿಗೂ ಹೋಗದಂತೆ ತಡೆಯುವುದು. ಈ ನೂರು ವರ್ಷದ ಇತಿಹಾಸವೆಲ್ಲ ಈ ಮೂರರ ಸುತ್ತಲೇ ತಿರುಗುತ್ತದೆ.

ಅಂಗಳದಲ್ಲಿ ನಿಂತ ಡ್ರಮ್ಮುಗಳು

ರೇಡಿಯಂ ಪತ್ತೆಯಾದದ್ದೇ ಗಣಿಯ ಕಸದಿಂದ. ಈಗ ಚೆಕ್ ದೇಶದಲ್ಲಿರುವ ಯೋಆಖಿಮ್‌ಸ್ಟಾಲ್ ಎಂಬ ಊರಿನಲ್ಲಿ ಗಾಜಿಗೆ ಬಣ್ಣ ಕೊಡಲು ಯುರೇನಿಯಂ ತೆಗೆದು, ಉಳಿದದ್ದನ್ನು ಕಾಡಿನಲ್ಲಿ ಸುರಿದಿದ್ದರು. ಮೇರಿ ಕ್ಯೂರಿ, ಪಿಯರ್ ಕ್ಯೂರಿ ದಂಪತಿ ಪ್ಯಾರಿಸ್‌ಗೆ ತರಿಸಿಕೊಂಡದ್ದು ಆ ಕಸವನ್ನೇ. 1898ರಲ್ಲಿ ರೇಡಿಯಂ ಇದೆ ಎಂದು ಅವರು ಜಗತ್ತಿಗೆ ಹೇಳಿದರು.

ಆಮೇಲೆ ರೇಡಿಯಂ ವ್ಯಾಪಾರಕ್ಕೆ ಇಳಿಯಿತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ 1917ರಿಂದ 1926ರವರೆಗೆ ಒಂದು ಕಾರ್ಖಾನೆ ನಡೆಯಿತು. ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳಿಗೆ ಹುಡುಗಿಯರು ರೇಡಿಯಂ ಬಣ್ಣ ಬರೆಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ರೇಡಿಯಂಗೆ ಸುಣ್ಣದ ಗುಣ, ಎಲುಬಿಗೆ ಹೋಗಿ ಕೂಡುತ್ತದೆ. ಅವರಲ್ಲಿ ಹಲವರ ದವಡೆ ಕೊಳೆಯಿತು, ಹಲವರು ಸತ್ತರು.

ಆ ಹುಡುಗಿಯರ ಕಥೆ ಬಹಳ ಮಂದಿಗೆ ಗೊತ್ತು. ಮಣ್ಣಿನ ಕಥೆ ಅಷ್ಟು ಗೊತ್ತಿಲ್ಲ. ರೇಡಿಯಂ ಉದ್ಯಮದ ಉಳಿಕೆ ಮಣ್ಣು ಸುತ್ತಲಿನ ತಗ್ಗುಗಳನ್ನು ತುಂಬಲು ಹೋಯಿತು. ಅದರ ಮೇಲೆ ಮಾಂಟ್‌ಕ್ಲೇರ್, ಗ್ಲೆನ್ ರಿಡ್ಜ್, ವೆಸ್ಟ್ ಆರೆಂಜ್ ಊರುಗಳಲ್ಲಿ ಮನೆಗಳು ಎದ್ದವು. 1980ರ ದಶಕದಲ್ಲಿ ಆ ಮನೆಗಳೊಳಗೆ ರೇಡಾನ್ ಎಂಬ ವಿಕಿರಣದ ಅನಿಲ ತುಂಬಿರುವುದು ಗೊತ್ತಾಯಿತು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಸರ್ಕಾರ ಅಂಗಳದ ಮಣ್ಣು ಅಗೆದು ಡ್ರಮ್ಮುಗಳಿಗೆ ತುಂಬಿತು. ನೆವಾಡಾ ರಾಜ್ಯಕ್ಕೆ ಕಳಿಸುವ ಮಾತಾಗಿತ್ತು. ನೆವಾಡಾ "ನಮಗೆ ಬೇಡ" ಎಂದಿತು. ಸಾವಿರಾರು ಡ್ರಮ್ಮುಗಳು ಅದೇ ಮನೆಗಳ ಮುಂದಿನ ಹುಲ್ಲಿನ ಮೇಲೆ ತಿಂಗಳುಗಟ್ಟಲೆ ನಿಂತವು.

ಕಾಸಿಗೆ, ಯಂತ್ರಕ್ಕೆ, ಕಾನೂನಿಗೆ ಕೊರತೆ ಇಲ್ಲದ ದೇಶ ಅದು. ಅಗೆಯುವುದು ಅವರಿಗೂ ಕಷ್ಟವಾಗಲಿಲ್ಲ. ಎಲ್ಲಿಗೆ ಒಯ್ಯಬೇಕು ಎನ್ನುವ ಪ್ರಶ್ನೆಗೆ ಬಂದು ಕೆಲಸ ನಿಂತಿತು.

ಬಿಟ್ಟಿ ಮರಳು

ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಊರಿನಲ್ಲಿ 1950, 60ರ ದಶಕದಲ್ಲಿ ಯುರೇನಿಯಂ ಗಿರಣಿಯ ಕೆಸರು ಒಣಗಿ ಒಳ್ಳೆಯ ಮರಳಿನಂತೆ ಕಾಣುತ್ತಿತ್ತು. ಪುಕ್ಕಟೆ ಸಿಗುತ್ತದೆ ಎಂದು ಜನ ಒಯ್ದರು. ಅಡಿಪಾಯಕ್ಕೆ, ಗಾರೆಗೆ, ಕಾಲುದಾರಿಗೆ, ತೋಟಕ್ಕೆ ಹಾಕಿದರು. ಆಮೇಲೆ 4 ಸಾವಿರಕ್ಕೂ ಹೆಚ್ಚು ಮನೆ, ಕಟ್ಟಡ, ಜಾಗಗಳಿಂದ ಅದನ್ನು ಕಿತ್ತು ತೆಗೆಯಬೇಕಾಯಿತು. ಅಲ್ಲಿ ಕೆಸರಿಗೆ ಬೇಲಿ ಇರಲಿಲ್ಲ, ಬೋರ್ಡು ಇರಲಿಲ್ಲ. ನಮ್ಮಲ್ಲಿ ಗಣಿ ದಿಬ್ಬ, ಕ್ವಾರಿ ಪುಡಿ, ಹಾರುಬೂದಿ ಯಾವುದೇ ಇರಲಿ, ಪುಕ್ಕಟೆ ಸಿಕ್ಕರೆ ಟ್ರ್ಯಾಕ್ಟರ್ ನಿಲ್ಲುವುದು ಹೊಸದಲ್ಲ.

1979ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ ಇಂಥ ಕೆಸರಿನ ಒಡ್ಡು ಒಡೆಯಿತು. ಸಾವಿರ ಟನ್ನಿಗೂ ಮೇಲ್ಪಟ್ಟು ಕೆಸರು, 35 ಕೋಟಿ ಲೀಟರಿನಷ್ಟು ಆಮ್ಲ ನೀರು ಪ್ಯೂರ್ಕೊ ಹೊಳೆಗೆ ಹರಿಯಿತು. ಆ ಹೊಳೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವರು ನವಾಹೊ ಆದಿವಾಸಿಗಳು. ಅದರ ಹಿಂದಿನ ವರ್ಷವಷ್ಟೇ, 1978ರಲ್ಲಿ, ಗಿರಣಿ ಕೆಸರಿಗೆಂದೇ ಅಮೆರಿಕ ಒಂದು ಕಾನೂನು ಮಾಡಿತ್ತು. ಯುಟಾ ರಾಜ್ಯದ ಮೋಆಬ್ ಊರಲ್ಲಿ ಕೊಲೊರಾಡೊ ನದಿಯ ದಂಡೆ ಮೇಲಿದ್ದ 1 ಕೋಟಿ 60 ಲಕ್ಷ ಟನ್ ಕೆಸರನ್ನು 2009ರಿಂದ ರೈಲಿನಲ್ಲಿ ತುಂಬಿ ಸುಮಾರು 50 ಕಿ.ಮೀ. ದೂರಕ್ಕೆ ಸಾಗಿಸತೊಡಗಿದರು. ಹದಿನೈದು ವರ್ಷ ದಾಟಿದ ಕೆಲಸ ಅದು. ಗಿರಣಿ ಕಟ್ಟುವ ದಿನ ಆ ಕೆಸರನ್ನು ನದಿಯಿಂದ ದೂರ ಹಾಕಿದ್ದರೆ ಈ ರೈಲು ಬೇಕಿರಲಿಲ್ಲ.

ಜಗತ್ತಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ನೆಟ್ಟಗೆ ಮಾಡಿದವರೂ ಇದ್ದಾರೆ. ಪೂರ್ವ ಜರ್ಮನಿಯಲ್ಲಿ ವಿಸ್ಮುಟ್ ಎಂಬ ಕಂಪನಿ 1946ರಿಂದ 1990ರವರೆಗೆ 2 ಲಕ್ಷ 30 ಸಾವಿರ ಟನ್ನಿನಷ್ಟು ಯುರೇನಿಯಂ ತೆಗೆಯಿತು. ಜರ್ಮನಿ ಒಂದಾದ ಮೇಲೆ ಗಣಿ ಮುಚ್ಚಿ ಅದೇ ಕಂಪನಿಗೆ ಸ್ವಚ್ಛಗೊಳಿಸುವ ಕೆಲಸ ಕೊಟ್ಟರು. ರೊನ್ನೆಬುರ್ಗ್‌ನಲ್ಲಿ ಗಣಿಯ ಗುಡ್ಡಗಳನ್ನು ಕಡಿದು ಹಳೆಯ ತೆರೆದ ಗುಂಡಿಗೇ ತುಂಬಿದರು, ಮೇಲೆ ಜೇಡಿಮಣ್ಣು ಹೊದಿಸಿದರು. 2007ರಲ್ಲಿ ಅಲ್ಲೇ ಹೂವಿನ ಮೇಳ ನಡೆಯಿತು. ಖರ್ಚು 600 ಕೋಟಿ ಯೂರೋ ಮೀರಿತು. ಅಷ್ಟಾದರೂ ಗಣಿಯಿಂದ ಒಸರುವ ನೀರನ್ನು ಶುದ್ಧ ಮಾಡುವ ಘಟಕಗಳನ್ನು ನಿಲ್ಲಿಸಲು ಆಗಿಲ್ಲ.

ಹೊಲದ ಮೇಲೆ ಬಿದ್ದಾಗ

ಗಣಿ ಬಿಟ್ಟು ಹೊಲಕ್ಕೆ ಬರೋಣ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸಿಡಿದು ಸೀಸಿಯಂ, ಸ್ಟ್ರಾಂಶಿಯಂ ಎಂಬ ಲೋಹಗಳು ಉಕ್ರೇನ್, ಬೆಲಾರುಸ್, ರಷ್ಯಾದ ಹೊಲಗಳ ಮೇಲೆ ಬಿದ್ದವು. ಅಷ್ಟು ಹೊಲ ಅಗೆದು ತೆಗೆಯುವುದು ಆಗದ ಮಾತು. ಅಲ್ಲಿನ ಕೃಷಿ ವಿಜ್ಞಾನಿಗಳು ಮೂರನೆಯ ದಾರಿ ಹಿಡಿದರು, ಕಟ್ಟಿಹಾಕುವುದು. ಸೀಸಿಯಂ ಪೊಟ್ಯಾಶ್‌ನ ಅಣ್ಣತಮ್ಮ ಇದ್ದ ಹಾಗೆ. ಮಣ್ಣಿನಲ್ಲಿ ಪೊಟ್ಯಾಶ್ ಕಡಿಮೆ ಇದ್ದರೆ ಬೇರು ಸೀಸಿಯಂ ಎಳೆದುಕೊಳ್ಳುತ್ತದೆ. ಹಾಗಾಗಿ ಪೊಟ್ಯಾಶ್ ಗೊಬ್ಬರ ಹೆಚ್ಚು ಹಾಕಿದರು. ಸ್ಟ್ರಾಂಶಿಯಂಗೆ ಸುಣ್ಣದ ಗುಣ, ಅದಕ್ಕೆ ಸುಣ್ಣ ಹಾಕಿದರು. ಆಳವಾಗಿ ರಂಟೆ ಹೊಡೆದು ಮೇಲಿನ ಮಣ್ಣು ಕೆಳಗೆ ಹಾಕಿದರು. ಹಾಲಿಗೆ ಸೀಸಿಯಂ ಬಾರದಂತೆ ಆಕಳ ಮೇವಿಗೆ ಪ್ರಷ್ಯನ್ ನೀಲಿ ಎಂಬ ಪುಡಿ ಬೆರೆಸಿದರು. ಇದರಿಂದ ಬೆಳೆ, ಹಾಲಿನಲ್ಲಿ ವಿಷ ಇಳಿಯಿತು. ಮಣ್ಣಿನಲ್ಲಿ ಇದ್ದದ್ದು ಮಣ್ಣಿನಲ್ಲೇ ಉಳಿಯಿತು.

ಜಪಾನಿನವರು 2011ರ ಫುಕುಶಿಮಾ ಅವಘಡದ ನಂತರ ಮೊದಲ ದಾರಿ ಹಿಡಿದರು. ಸೀಸಿಯಂ ಜೇಡಿಮಣ್ಣಿಗೆ ಅಂಟಿಕೊಂಡು ಮೇಲಿನ ಪದರದಲ್ಲೇ ನಿಲ್ಲುತ್ತದೆ. ಹಾಗಾಗಿ ಹೊಲ, ಅಂಗಳದ ಮೇಲಿನ ಸುಮಾರು 5 ಸೆಂ.ಮೀ. ಮಣ್ಣು ಕೆರೆದು ಕಪ್ಪು ಚೀಲಗಳಿಗೆ ತುಂಬಿದರು. ಇದರ ಲೆಕ್ಕ ನಾವೇ ಹಾಕಬಹುದು. ಒಂದು ಎಕರೆಯ 5 ಸೆಂ.ಮೀ. ಮಣ್ಣು ಅಂದರೆ 200 ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರೇಲರ್ 3 ಘನ ಮೀಟರ್ ಹಿಡಿದರೆ ಎಕರೆಗೆ 67 ಟ್ರಿಪ್ಪು. ಹೀಗೆ ಒಟ್ಟು ಸುಮಾರು 1 ಕೋಟಿ 40 ಲಕ್ಷ ಘನ ಮೀಟರ್ ಮಣ್ಣು ಕೂಡಿತು. ಅದನ್ನು ಇಡಲು ಒಕುಮಾ, ಫುತಾಬಾ ಊರುಗಳಲ್ಲಿ ಸುಮಾರು 4 ಸಾವಿರ ಎಕರೆಯ ತಾತ್ಕಾಲಿಕ ಜಾಗ ಮಾಡಿದರು. 2045ರೊಳಗೆ ಅದನ್ನು ಫುಕುಶಿಮಾ ಜಿಲ್ಲೆಯಿಂದ ಹೊರಗೆ ಸಾಗಿಸಬೇಕೆಂದು ಕಾನೂನೇ ಹೇಳುತ್ತದೆ. ಯಾವ ಜಿಲ್ಲೆ ತೆಗೆದುಕೊಳ್ಳುತ್ತದೆ? ನ್ಯೂಜೆರ್ಸಿಯ ಅದೇ ಪ್ರಶ್ನೆ ಇನ್ನೂ ದೊಡ್ಡದಾಗಿ ನಿಂತಿದೆ. ಇನ್ನು ಹೊಲದವರಿಗೆ ವಿಷ ಹೋಯಿತು, ಜತೆಗೆ ತಲೆಮಾರುಗಳಿಂದ ಗೊಬ್ಬರ ಹಾಕಿ ಕಟ್ಟಿದ ಮೇಲ್ಮಣ್ಣೂ ಹೋಯಿತು. ಬದಲಿಗೆ ಬಂದದ್ದು ಗುಡ್ಡದ ಗರಸು ಮಣ್ಣು.

ಸೂರ್ಯಕಾಂತಿ, ಸಾಸಿವೆ, ಸೂಕ್ಷ್ಮಜೀವಿ

ವಾಟ್ಸಾಪಿನಲ್ಲಿ ಆಗಾಗ ಒಂದು ಮಾತು ಓಡಾಡುತ್ತದೆ: ಸೂರ್ಯಕಾಂತಿ ಬಿತ್ತಿದರೆ ವಿಕಿರಣ ಹೀರಿಕೊಳ್ಳುತ್ತದೆ. ಇದರ ಬೇರು ಚೆರ್ನೋಬಿಲ್‌ನಲ್ಲಿದೆ. 1990ರ ದಶಕದಲ್ಲಿ ಅಲ್ಲಿನ ಒಂದು ಕೊಳದಲ್ಲಿ ತೆಪ್ಪದ ಮೇಲೆ ಸೂರ್ಯಕಾಂತಿ ಬೆಳೆಸಿದಾಗ ಬೇರು ನೀರಿನಿಂದ ಸೀಸಿಯಂ, ಸ್ಟ್ರಾಂಶಿಯಂ ಚೆನ್ನಾಗಿ ಎಳೆದದ್ದು ನಿಜ. ಆದರೆ ಅದು ನೀರು. ಮಣ್ಣಿನಲ್ಲಿ ಲೋಹ ಜೇಡಿಗೆ ಅಂಟಿರುತ್ತದೆ. ಫುಕುಶಿಮಾದ ಹೊಲದಲ್ಲಿ ಸೂರ್ಯಕಾಂತಿ ಬೆಳೆಸಿ ನೋಡಿದ ಜಪಾನ್ ಕೃಷಿ ಇಲಾಖೆ, ಅದು ಎತ್ತಿದ್ದು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಎಂದು ಅದೇ ವರ್ಷ ಕೈಬಿಟ್ಟಿತು.

ಸಾಸಿವೆಯ ಕಥೆಯೂ ಇದೆ. ನಿಂಬೆಹುಳಿಯಲ್ಲಿರುವ ಸಿಟ್ರಿಕ್ ಆಮ್ಲವನ್ನು ಮಣ್ಣಿಗೆ ಹಾಕಿದರೆ ಸಾಸಿವೆ ಗಿಡ ಯುರೇನಿಯಂ ಅನ್ನು ಸಾವಿರ ಪಟ್ಟು ಹೆಚ್ಚು ಹೀರುತ್ತದೆ ಎಂದು 1998ರಲ್ಲಿ ಪ್ರಯೋಗದಿಂದ ತೋರಿಸಿದರು. ಆದರೆ ಆಮ್ಲ ಸಡಿಲ ಮಾಡಿದ ಯುರೇನಿಯಂ ಎಲ್ಲವೂ ಗಿಡಕ್ಕೇ ಹೋಗುತ್ತದೆ ಎನ್ನುವಂತಿಲ್ಲ, ಬೋರಿನ ನೀರಿಗೂ ಇಳಿಯಬಹುದು. ಕೊಯ್ದ ಸಾಸಿವೆಯನ್ನು ದನಕ್ಕೆ ಹಾಕುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಅದೂ ಒಂದು ಕಡೆ ಹೂಳಬೇಕು. ಕೊಲೊರಾಡೊದ ರೈಫಲ್ ಊರಿನಲ್ಲಿ ವಿಜ್ಞಾನಿಗಳು ಭೂಮಿಯೊಳಗಿನ ಸೂಕ್ಷ್ಮಜೀವಿಗಳಿಗೆ ವಿನೆಗರ್ ಜಾತಿಯ ಆಹಾರ ಕೊಟ್ಟು ನೀರಿನಲ್ಲಿ ಕರಗಿದ ಯುರೇನಿಯಂ ಗಟ್ಟಿಯಾಗಿ ಕೂರುವಂತೆ ಮಾಡಿದರು. ಒಳ್ಳೆಯ ಕೆಲಸ, ಆದರೆ ಗಾಳಿಯ ಆಮ್ಲಜನಕ ಮತ್ತೆ ಒಳಹೊಕ್ಕರೆ ಅದು ಮತ್ತೆ ಕರಗಬಲ್ಲದು.

ನಮ್ಮ ಸೀಮೆಗೆ ಇಲ್ಲಿ ಒಂದು ವಿಶೇಷ ಇದೆ. ಗೋಗಿಯ ಕಲ್ಲು ಸುಣ್ಣದಕಲ್ಲು. ಸುಣ್ಣದ ಅಂಶದ ಕ್ಷಾರ ನೀರಿನಲ್ಲಿ ಯುರೇನಿಯಂ ಸುಲಭವಾಗಿ ಕರಗಿ ಓಡಾಡುತ್ತದೆ. ನಮ್ಮ ಎರೆ ಮಣ್ಣಿನ ಜೇಡಿ ಸೀಸಿಯಂ ಅನ್ನು ಹಿಡಿದಿಟ್ಟೀತು, ಯುರೇನಿಯಂ ವಿಷಯದಲ್ಲಿ ಅಷ್ಟು ಭರವಸೆ ಇಡುವಂತಿಲ್ಲ. ಬೇರೆ ದೇಶದ ಮಣ್ಣಿನಲ್ಲಿ ಗೆದ್ದ ತಂತ್ರವನ್ನು ಇಲ್ಲಿಗೆ ಹಾಗೇ ತಂದರೆ ನಡೆಯುವುದಿಲ್ಲ.

ನಮ್ಮ ದೇಶ, ನಮ್ಮ ನೆರೆ

ಭಾರತದಲ್ಲಿ ಯುರೇನಿಯಂ ನಿಗಮ ಶುರುವಾದದ್ದು 1967ರಲ್ಲಿ, ಜಾದೂಗೋಡಾದಲ್ಲಿ. ಅಲ್ಲಿ 2006ರ ಡಿಸೆಂಬರಿನಲ್ಲಿ ಕೆಸರು ಒಯ್ಯುವ ಪೈಪು ಒಡೆದು ಹಳ್ಳಕ್ಕೆ ಹರಿಯಿತು. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿ 2007ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿನದೂ ಗೋಗಿಯ ಹಾಗೆ ಸುಣ್ಣದ ಅಂಶದ ಕಲ್ಲು. ಕೆಸರಿನ ಕೆರೆ ಹತ್ತಿರದ ಬಾಳೆ ತೋಟದವರು ಬೋರಿನ ನೀರು ಕೆಟ್ಟಿದೆ, ತೋಟ ಒಣಗುತ್ತಿದೆ ಎಂದು ದೂರಿದರು. ನಿಗಮ ಅಲ್ಲಗಳೆಯಿತು. ಇಂಥ ಜಗಳದಲ್ಲಿ ರೈತನನ್ನು ಕೇಳುವ ಮೊದಲ ಪ್ರಶ್ನೆ: "ಗಣಿ ಬರುವ ಮುಂಚೆ ನಿಮ್ಮ ನೀರು ಹೇಗಿತ್ತು? ಕಾಗದ ಇದೆಯಾ?" ಬಹಳ ಕಡೆ ಕಾಗದ ಇರುವುದಿಲ್ಲ.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಸುರಪುರ ತಾಲ್ಲೂಕಿನ ಮಂಗಳೂರು ಹತ್ತಿರ ಒಂದು ಚಿನ್ನದ ಗಣಿ ಇತ್ತು, 1990ರ ದಶಕದಲ್ಲಿ ನಿಂತಿತು. ಅದರ ಹತ್ತಿರದ ಕಿರದಳ್ಳಿ ತಾಂಡಾದ ಜನಕ್ಕೆ ಆಮೇಲೆ ಚರ್ಮದ ಮೇಲೆ ಕಲೆ, ಗಂಟು ಕಾಣಿಸಿದವು. ಆರ್ಸೆನಿಕ್ ವಿಷ ಎಂದು ಗೊತ್ತಾಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 59 ಕೊಳವೆಬಾವಿಗಳಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಗಿಂತ ಹೆಚ್ಚಿತ್ತು. ಒಂದರಲ್ಲಂತೂ 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ 6ರಲ್ಲಿ ಕಿಲೋಗೆ 2000 ಮಿಲಿಗ್ರಾಂ ಮೀರಿತ್ತು. ಇದು ಗಣಿ ಕೆಸರಿನ ಪರಿಣಾಮ ಇರಬಹುದು ಎಂದು ಅವರು ಬರೆದರು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಲಕ್ಷಣ ಇದ್ದವು.

ಆರ್ಸೆನಿಕ್ ವಿಕಿರಣ ಸೂಸುವುದಿಲ್ಲ, ಅದು ಬೇರೆ ವಿಷ. ಆದರೆ ಅದೂ ಸುಟ್ಟು ಹೋಗದ, ಕೊಳೆತು ಹೋಗದ ವಿಷ. ಅಲ್ಲಿನ ಕಲ್ಲಿನಲ್ಲೇ ಆರ್ಸೆನಿಕ್ ಇದೆ. ಎಷ್ಟು ಕಲ್ಲಿನದು, ಎಷ್ಟು ಗಣಿಯದು ಎಂದು ಬಿಡಿಸಿ ಹೇಳಲು ಗಣಿ ಮುಂಚಿನ ನೀರಿನ ಅಂಕಿ ಬೇಕಿತ್ತು. ಗಣಿ ಮುಚ್ಚಿ ವರ್ಷಗಳಾದ ಮೇಲೆ ವಿಜ್ಞಾನಿಗಳು ಬಂದು ಅಳೆಯಬೇಕಾಯಿತು.

ಈಗ ಕೇಳಬೇಕಾದದ್ದು

ಯುರೇನಿಯಂ ಬೇಡವೇ ಬೇಡ ಎನ್ನುವುದು ನಮ್ಮ ವಾದವಲ್ಲ. ಕೈಗಾದ ಕರೆಂಟು ನಮ್ಮ ಮನೆಗೂ ಬರುತ್ತದೆ, ಅದಕ್ಕೆ ಯುರೇನಿಯಂ ಬೇಕು. ಗಣಿ ಬಂದರೆ ಕೆಲಸ ಸಿಗುತ್ತದೆ ಎನ್ನುವ ಹುಡುಗರ ಮಾತನ್ನೂ ತಳ್ಳಿಹಾಕುವಂತಿಲ್ಲ, ಸುಗ್ಗಿ ಮುಗಿದರೆ ಬೆಂಗಳೂರಿನ ಬಸ್ಸು ಹತ್ತುವವರು ಅವರೇ. ನಮ್ಮ ಮಾತು ಇಷ್ಟೇ: ಆಮೇಲೆ ಸ್ವಚ್ಛ ಮಾಡುತ್ತೇವೆ ಎಂಬ ಭರವಸೆಯನ್ನು ಈ ನೂರು ವರ್ಷದ ಲೆಕ್ಕ ಇಟ್ಟುಕೊಂಡು ತೂಗಬೇಕು.

ತೂಗುವ ಜಾಗವೂ ಕಿರಿದಾಗಿದೆ. 2006ರ ಅಧಿಸೂಚನೆಯ ಪ್ರಕಾರ ಇಂಥ ದೊಡ್ಡ ಗಣಿಗೆ ಮುಂಚೆ ಊರಲ್ಲಿ ಸಾರ್ವಜನಿಕ ಅಹವಾಲು ಸಭೆ ಆಗಬೇಕಿತ್ತು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ ಗಣಿಗೆ ಆ ಸಭೆಯಿಂದ ವಿನಾಯಿತಿ ಕೊಟ್ಟಿತು. ಅಂದರೆ ಮೈಕು ಹಿಡಿದು ಅಧಿಕಾರಿಗಳ ಮುಂದೆ ಕೇಳುವ ಒಂದು ದಿನವೂ ಇನ್ನು ಖಾತ್ರಿ ಇಲ್ಲ. ಹಾಗಿದ್ದಾಗ ಜನರ ಕೈಯಲ್ಲಿ ಉಳಿಯುವುದು ಗ್ರಾಮಸಭೆಯ ಠರಾವು, ಮಾಹಿತಿ ಹಕ್ಕಿನ ಅರ್ಜಿ ಮತ್ತು ನೀರು-ಮಣ್ಣಿನ ಅಂಕಿ.

ಗೋಗಿ ಸುತ್ತಲಿನವರು, ಅದರ ಕೆಳಗಿನ ಹೊಳೆಸಾಲಿನವರು ಬರಹದಲ್ಲಿ ಕೇಳಬಹುದಾದ ಪ್ರಶ್ನೆಗಳು ಇವು. ಗಿರಣಿ ಎಲ್ಲಿ ಕಟ್ಟುತ್ತೀರಿ? ಕೆಸರಿನ ಕೆರೆ ಯಾವ ಸರ್ವೆ ನಂಬರಿನಲ್ಲಿ? ಅದರ ತಳಕ್ಕೆ ಏನು ಹಾಸುತ್ತೀರಿ, ಎಷ್ಟು ದಪ್ಪ? ಹತ್ತಿರದ ಹಳ್ಳ ಎಷ್ಟು ದೂರ, ಅದು ಯಾವ ಹೊಳೆ ಸೇರುತ್ತದೆ? ಗಣಿ ಮುಚ್ಚಿದ ಮೇಲೆ ಕಾಯುವವರು ಯಾರು, ಅದರ ಹಣ ಈಗಲೇ ಯಾವ ಖಾತೆಯಲ್ಲಿ ಇಡುತ್ತೀರಿ?

ಇನ್ನು ನಮ್ಮ ಕೈಲಾಗುವ ಕೆಲಸ. ಕುಡಿಯುವ ನೀರಿನ ಪರೀಕ್ಷೆಗೆ ಕೊಡುವಾಗ ಫ್ಲೋರೈಡ್, ಆರ್ಸೆನಿಕ್ ಜತೆಗೆ ಯುರೇನಿಯಂ ಎಂದು ಹೆಸರು ಹಿಡಿದು ಕೇಳಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಹೆಚ್ಚಿದ್ದರೆ ಕುದಿಸಿದರೆ ಹೋಗುವುದಿಲ್ಲ, ಆರ್‌ಒ ಘಟಕ ತೆಗೆಯುತ್ತದೆ. ವರದಿಯ ಮೇಲೆ ತಾರೀಖು, ಬೋರಿನ ಜಾಗ, ಆಳ ಬರೆಸಿ, ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ಶಾಲೆಯಲ್ಲಿ, ಒಂದು ಫೋಟೊ ಊರಿನ ಗ್ರೂಪಿನಲ್ಲಿ ಇಡಿ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಮಾಡಿಸಿ. ಗಣಿ ಬಾರದೇ ಹೋದರೂ ಈ ಕಾಗದ ದಂಡವಲ್ಲ, ಮಕ್ಕಳು ಕುಡಿಯುವ ನೀರಿನಲ್ಲಿ ಏನಿದೆ ಎಂದು ತಿಳಿದಂತಾಯಿತು. ಗಣಿ ಬಂದರೆ, "ಮುಂಚೆ ಹೇಗಿತ್ತು?" ಎಂದು ಕೇಳುವವರ ಮುಂದೆ ಇಡಲು ಅದು ಇರುತ್ತದೆ.